ಎಣ್ಣೆಗಾಯಿಗೆ ಒಪ್ಪುವ ವೈನು

ಪೆಟ್ರೋಲಿನ ವಾಸನೆಯ ಜೊತೆ ಇಂಗಿನ ವಾಸನೆ ಬೆರೆತರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಇವೆರಡೂ ಒಂದೇ ಕಡೆ ಹೇಗೆ ಸೇರುತ್ತವೆ ಎಂದು ನೀವು ಕೇಳಬಹುದು. ಸೇರಬಾರದು. ಆದರೆ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನ ಒಂದು ಮನೆಯಲ್ಲಿ ಎಷ್ಟೋ ವರ್ಷಗಳಿಂದ ಸೇರಿಕೊಂಡೇ ಇವೆ. ಕಳೆದ ತಿಂಗಳು ಪದ್ಮಾ ಆಂಟಿಯನ್ನು ನೋಡಲು ಹೋಗಿದ್ದೆ. ಕಾರಿನಿಂದ ಇಳಿದು ಬಾಗಿಲು ಹಾಕುವಷ್ಟರಲ್ಲಿ ಅದೇ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಫ್ರಾನ್ಸಿನ ಒಂದು ಬಿಳಿ ವೈನಿನ ಬಾಟಲಿ ಇತ್ತು. ಅದನ್ನು ಹಿಡಿದುಕೊಂಡು ಡ್ರೈವ್‌ವೇಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಎರಡು ಸಾವಿರದ ಇಸವಿಯ ಆ ಚಳಿಗಾಲ ಇಡಿಯಾಗಿ ಎದುರಿಗೆ ಬಂತು, ಅದರ ಸಿಟ್ಟಿನ ಸಮೇತ.

ನಾನು ಧಾರವಾಡದಿಂದ ಈ ದೇಶಕ್ಕೆ ಬಂದದ್ದು ಅದರ ಹಿಂದಿನ ದಸರಾ ಮುಗಿದ ಮೇಲೆ. ಅಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಇಲ್ಲಿ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಂಡ ಶಿವಾನಂದ ನನಗಿಂತ ಆರು ತಿಂಗಳು ಮೊದಲೇ ಬಂದು ಸೀಕಾಕಸ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದರು. ಕಿಟಕಿ ತೆರೆದರೆ ಗೋದಾಮುಗಳ ಬೆನ್ನು, ಅದರಾಚೆ ಜೌಗು, ಅದರಾಚೆ ಮ್ಯಾನ್‌ಹಟನ್‌ನ ಕಟ್ಟಡಗಳ ತುದಿ. ಬೆಳಿಗ್ಗೆ ಅವರು ಬಸ್ಸು ಹತ್ತಿ ನದಿಯಡಿಯ ಸುರಂಗ ದಾಟಿ ಅಲ್ಲಿನ ಒಂದು ವಿಮಾ ಕಂಪನಿಗೆ ಹೋಗುವರು. ಹೊಸ ಸಹಸ್ರಮಾನ ಬಂದರೆ ಕಂಪ್ಯೂಟರುಗಳು ಗೊಂದಲಕ್ಕೆ ಬೀಳುತ್ತವೆಂದು ಜಗತ್ತೇ ಹೆದರಿದ್ದ ಕಾಲ ಅದು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ತಿದ್ದುವುದು ಇವರ ಕೆಲಸ. ಇವರನ್ನು ಆ ಕೆಲಸಕ್ಕೆ ಕಳಿಸಿದ್ದು ರಂಗನಾಥ್ ಅಂಕಲ್. ಮೈಸೂರಿನವರು, ಓಲ್ಡ್ ಬ್ರಿಡ್ಜಿನಲ್ಲಿ ದೊಡ್ಡ ಮನೆ, ನಮ್ಮಂಥ ಹುಡುಗರನ್ನು ಕರೆಸಿ ಕಂಪನಿಗಳಿಗೆ ಒದಗಿಸುವ ಪುಟ್ಟ ಕನ್ಸಲ್ಟಿಂಗ್ ವ್ಯವಹಾರ. ನಮ್ಮ ವೀಸಾ ಅವರ ಕೈಯಲ್ಲಿತ್ತು. ಹಾಗಾಗಿ ನಮ್ಮ ಬದುಕೂ.

ಬಂದ ಹೊಸತರಲ್ಲಿ ನಾನು ಮಾಡುತ್ತಿದ್ದದ್ದು ಅಡುಗೆಯೊಂದೇ. ಬೆಳಗ್ಗೆ ಎದ್ದು ಜೋಳದ ರೊಟ್ಟಿ ಬಡಿದು, ಬದನೆಕಾಯಿಗೆ ಮಸಾಲೆ ತುಂಬಿ ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿಪುಡಿ ಹಾಕಿ ಇವರಿಗೆ ಡಬ್ಬಿ ಕಟ್ಟುವೆ. ಇಡೀ ದಿನ ಒಂಟಿಯಾಗಿ ಕೂತವಳಿಗೆ ಆ ಒಂದು ಗಂಟೆ ನಾನು ಇನ್ನೂ ನಾನೇ ಎಂದು ತೋರಿಸುತ್ತಿತ್ತು. ಮೂರನೆಯ ವಾರವೋ ಏನೋ, ಇವರು ಸಂಜೆ ಡಬ್ಬಿಯನ್ನು ಹಾಗೇ ವಾಪಸು ತಂದರು.

"ಗಿರಿಜಾ, ನಾಳಿಂದ ರೊಟ್ಟಿ ಪಲ್ಯಾ ಬ್ಯಾಡ. ಬ್ರೆಡ್ ಕೊಡು."

"ಯಾಕ್ರೀ, ಏನಾತು?"

"ನಮ್ಮ ಮ್ಯಾನೇಜರ್ ಡೆನಿಸ್ ಅಂತ. ಆಕಿ ನನ್ನ ಟೇಬಲ್ ಹತ್ರ ಬಂದು ನಿಂತು, ಆ ಡಬ್ಬ್ಯಾಗ ಏನೈತಿ ಅಂತ ಕೇಳಿದ್ಲು. ಎಲ್ಲಾರೂ ನೋಡಾಕತ್ತಿದ್ರು. ನಾನು ಸಾರಿ ಅಂದು ಮುಚ್ಚಿಟ್ಟೆ."

ಅಷ್ಟೇ ನಡೆದದ್ದು. ಒಬ್ಬ ಹೆಂಗಸು ಡಬ್ಬಿಯಲ್ಲಿ ಏನಿದೆ ಎಂದು ಕೇಳಿದಳು. ಅದಕ್ಕೆ ಉತ್ತರವಾಗಿ ಬದನೆಕಾಯಿ ಎನ್ನಬಹುದಿತ್ತು. ಆದರೆ ನಮ್ಮ ಜನಕ್ಕೆ ಆ ದಿನಗಳಲ್ಲಿ ಬಿಳಿಯರು ಏನೇ ಕೇಳಿದರೂ ದೂರಿನಂತೆ ಕೇಳುತ್ತಿತ್ತು. ಇವರು ಹೆದರಿ ಅಂಕಲ್‌ಗೆ ಫೋನು ಮಾಡಿದರು. ಆ ಭಾನುವಾರ ಅಂಕಲ್ ಖುದ್ದು ನಮ್ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮೂಗೇರಿಸಿ ಗಾಳಿಯನ್ನು ಎಳೆದುಕೊಂಡರು, ಮನೆ ಜಪ್ತಿಗೆ ಬಂದವರ ಹಾಗೆ.

"ನೋಡಮ್ಮ ಗಿರಿಜಾ, ಇದು ನಿಮ್ಮ ಧಾರವಾಡ ಅಲ್ಲ. ಇಲ್ಲಿ ನೀವು ಬಾಯಿ ಬಿಡೋಕೆ ಮುಂಚೆ ನಿಮ್ಮ ಕೋಟು ಮಾತಾಡತ್ತೆ. ಚಳಿಗಾಲದಲ್ಲಿ ಕಿಟಕಿ ತೆಗೆಯೋಕಾಗಲ್ಲ, ಒಗ್ಗರಣೆ ಹೋಗಿ ಕೋಟಿನಲ್ಲಿ ಕೂತ್ಕೊಳ್ಳತ್ತೆ. ಕ್ಲೈಂಟ್ ಕಂಪ್ಲೇಂಟ್ ಮಾಡಿದ್ರೆ ನಾನೇನೂ ಮಾಡಕ್ಕಾಗಲ್ಲ. ಒಗ್ಗರಣೆ ಬಂದ್. ನಮ್ಮನೇಲಿ ನೋಡಿ, ಬಂದು ಹತ್ತು ವರ್ಷ ಆಯ್ತು, ಒಂದು ದಿನ ಒಂದು ಚೂರು ವಾಸನೆ ಇಲ್ಲ."

ಅದು ನಿಜ. ಅವರ ಮನೆಯಲ್ಲಿ ವಾಸನೆ ಇರಲಿಲ್ಲ. ದೀಪಾವಳಿಗೆ ಹೋದಾಗ ನೋಡಿದ್ದೆ. ಆರು ಬರ್ನರಿನ ಗ್ಯಾಸ್ ಒಲೆ ಅಂಗಡಿಯಲ್ಲಿಟ್ಟಂತೆ ಹೊಳೆಯುತ್ತಿತ್ತು, ಅದರ ಮೇಲೆ ಒಂದು ಹೂದಾನಿ. ಒಲೆಯ ಮೇಲೆ ಹೂದಾನಿ ಇಡುವ ಮನೆಯನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಆಮೇಲಿನ ಮೂರು ತಿಂಗಳು ನಾನು ಹೇಗೆ ಕಳೆದೆನೋ. ಸಾಸಿವೆ ಸಿಡಿಯದ ಅಡುಗೆಮನೆ, ಬೇಯಿಸಿದ ಬಟಾಣಿ, ಬ್ರೆಡ್ಡು, ಹಾಲನ್ನ. ಕೋಟುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಅಂಕಲ್ ಕೊಟ್ಟುಹೋದ ವೆನಿಲ್ಲಾ ವಾಸನೆಯ ಮೇಣದಬತ್ತಿಯೊಂದು ದಿನವಿಡೀ ಉರಿಯಬೇಕು. ಇಂದಿಗೂ ವೆನಿಲ್ಲಾ ಐಸ್‌ಕ್ರೀಮ್ ಕೊಟ್ಟರೆ ಬಟ್ಟಲನ್ನು ದೂರ ತಳ್ಳುತ್ತೇನೆ. ಹೊರಗೆ ಹಿಮ ಬಿದ್ದು ಟ್ರಕ್ಕುಗಳ ಚಕ್ರಕ್ಕೆ ಸಿಕ್ಕಿ ಕಪ್ಪಾಗುತ್ತಿತ್ತು, ಒಳಗೆ ನಾನು ಕುದಿಯುತ್ತಿದ್ದೆ. ಗಂಡನ ಮೇಲೆ ರೇಗಿದರೆ ಒಂದೇ ಉತ್ತರ: "ಸಿಟ್ಟಾಗಬ್ಯಾಡ. ಪ್ರಾಜೆಕ್ಟ್ ಎಕ್ಸ್‌ಟೆಂಡ್ ಆಗೂತನಕ ಅಷ್ಟ." ನನ್ನ ಮನೆಯಲ್ಲಿ ನನ್ನ ಒಲೆಯ ಮೇಲೆ ಒಂದು ಚಮಚ ಎಣ್ಣೆ ಕಾಯಿಸಲು ನಾನು ಇನ್ನೊಬ್ಬರ ಪ್ರಾಜೆಕ್ಟಿಗಾಗಿ ಕಾಯಬೇಕಿತ್ತು. ಹಾಗೆ ಕಾಯುವುದೇ ಜಾಣತನ ಎಂದು ಎಲ್ಲರೂ ನನಗೆ ತಿಳಿಹೇಳುವವರೇ.

ಜನವರಿ ಒಂದು ಬಂತು. ಯಾವ ಕಂಪ್ಯೂಟರೂ ಗೊಂದಲಕ್ಕೆ ಬೀಳಲಿಲ್ಲ. ಗೊಂದಲಕ್ಕೆ ಬಿದ್ದವರು ನಾವು. ತಿದ್ದುವ ಕೆಲಸ ಮುಗಿಯಿತು, ಇವರ ಜೊತೆಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟತೊಡಗಿದರು. ಯಾರನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವವಳು ಡೆನಿಸ್. ಅಂಕಲ್ ಅವಳನ್ನು ಫೆಬ್ರವರಿಯ ಒಂದು ಭಾನುವಾರ ತಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಕರೆದರು. ಅವಳು ಒಪ್ಪಿ, ಇವರ ಹತ್ತಿರ ಒಂದು ಮಾತು ಹೇಳಿದಳಂತೆ: "ವೈನ್ ನಾನು ತರುತ್ತೇನೆ. ನೀನು ಮೊದಲು ತರುತ್ತಿದ್ದೆಯಲ್ಲ ಆ ಊಟ, ಅದಕ್ಕೆ ಹೊಂದುವಂಥದು."

ನನ್ನ ಕಿವಿ ನೆಟ್ಟಗಾಯಿತು. "ಹಂಗಾದ್ರ ಎಣ್ಣೆಗಾಯಿ ನಾ ಮಾಡ್ಕೊಂಡು ಬರ್ತೇನಿ" ಎಂದೆ. ಇವರು ಅಂಕಲ್‌ರನ್ನು ಕೇಳಿದರು. ಕೇಳದೆ ಇವರು ಉಸಿರೂ ಬಿಡುತ್ತಿರಲಿಲ್ಲ. ಅಂಕಲ್ ಫೋನಿನಲ್ಲಿ ನಕ್ಕ ನಗು ನನಗೂ ಕೇಳಿಸಿತು.

"ಅಯ್ಯೋ, ಆಕೆ ಕರ್ಟಸಿಗೆ ಹೇಳಿರೋದಪ್ಪ. ವೈನ್ ವಿಷಯ ನಂಗೆ ಬಿಡು. ಮೀನಿಗೆ ವೈಟು, ಮಟನ್ನಿಗೆ ರೆಡ್ಡು. ನಮ್ಮ ಅಡುಗೆಗೆ ಯಾವ ವೈನೂ ಇಲ್ಲ. ಇಂಗಿನ ಮುಂದೆ ಫ್ರಾನ್ಸ್ ನಿಲ್ಲಲ್ಲ. ಗಿರಿಜಾಗೆ ಹೇಳು, ಏನೂ ತರೋದು ಬೇಡ."

ಆ ಭಾನುವಾರದ ಚಳಿ ಮೂಳೆಯೊಳಗೆ ಹೊಕ್ಕಿತ್ತು. ಅಂಕಲ್‌ರ ಮನೆಯ ಮೇಜಿನ ಮೇಲೆ ಎಲ್ಲೋ ಹೇಳಿ ತರಿಸಿದ ಊಟ: ಬಿಳಿ ಸಾಸಿನ ಪಾಸ್ತಾ, ಬೇಯಿಸಿದ ಬ್ರೊಕೊಲಿ, ಹಿಸುಕಿದ ಆಲೂಗಡ್ಡೆ. ಎಲ್ಲವೂ ಬಿಳುಚಿಕೊಂಡಿದ್ದವು. ಡೆನಿಸ್ ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಕೋಟು ಬಿಚ್ಚಿ, ಚೀಲದಿಂದ ಒಂದು ಬಾಟಲಿ ತೆಗೆದಳು. ತೆಳ್ಳಗೆ, ಉದ್ದ ಕತ್ತಿನ ಹಸಿರು ಬಾಟಲಿ. ಫ್ರಾನ್ಸಿನ ಪೂರ್ವದಂಚಿನಲ್ಲಿ ಅಲ್ಸಾಸ್ ಎಂಬ ಸೀಮೆ ಇದೆ, ಅವಳ ಅಜ್ಜಿಯ ಊರು. ಅಲ್ಲಿಯ ಬಿಳಿ ವೈನು. ದ್ರಾಕ್ಷಿಯ ಹೆಸರು ಗೆವುರ್ಸ್‌ಟ್ರಾಮಿನರ್. ಆ ಹೆಸರು ನನ್ನ ಬಾಯಿಗೆ ಹತ್ತಲು ಮುಂದೆ ವರ್ಷವೇ ಹಿಡಿಯಿತು. ಆದರೆ ವಾಸನೆ ಆಗಲೇ ಹತ್ತಿತು. ಅವಳು ಗ್ಲಾಸಿಗೆ ಸುರಿದಾಗ ಮೇಜಿನ ಈ ತುದಿಯ ತನಕ ಗುಲ್ಕಂದದ ಡಬ್ಬಿ ತೆರೆದಂತೆ ಘಮ್ಮೆಂದಿತು, ಹಿಂದಿನಿಂದ ಸಣ್ಣಗೆ ಶುಂಠಿ.

ಡೆನಿಸ್ ಮೇಜನ್ನು ಒಂದು ಸುತ್ತು ನೋಡಿ ಕೇಳಿದಳು, "ಆ ಬದನೆಕಾಯಿ ಎಲ್ಲಿ?"

"ಆ ಶಿಕ್ಷೆಯಿಂದ ನಿಮ್ಮನ್ನು ಪಾರು ಮಾಡಿದ್ದೇನೆ" ಎಂದು ಅಂಕಲ್ ತಮ್ಮ ಅತ್ಯುತ್ತಮ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನನ್ನ ಗಂಡನೂ ನಕ್ಕರು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಡೆನಿಸ್ ಪಾಸ್ತಾ ಬಾಯಿಗಿಟ್ಟು ವೈನು ಗುಟುಕರಿಸಿ ಮುಖ ಕಿವಿಚಿದಳು. ಇದು ಸಪ್ಪೆ ಊಟದ ಜೊತೆ ಹೋಗುವ ವೈನಲ್ಲ, ಹೀಗೆ ಕುಡಿದರೆ ಪೌಡರ್ ಡಬ್ಬಿ ನೆಕ್ಕಿದ ಹಾಗಿರುತ್ತದೆ ಎಂದಳು. ಅವಳ ಅಜ್ಜಿ ಇದನ್ನು ಕೊಡುತ್ತಿದ್ದದ್ದು ಈರುಳ್ಳಿಯನ್ನು ಕೆಂಪಗೆ ಬಾಡಿಸಿ ಮಾಡಿದ ಒಂದು ತಿನಿಸಿನ ಜೊತೆಗೆ, ಇಲ್ಲವೇ ಅವರೂರಿನ ಒಂದು ಚೀಸಿನ ಜೊತೆಗೆ. ಆ ಚೀಸು ಎಷ್ಟು ನಾರುತ್ತದೆಂದರೆ, ಅಜ್ಜಿ ಅದನ್ನು ಕಿಟಕಿಯಾಚೆ ಇಡುತ್ತಿದ್ದಳಂತೆ. ಖಾರ, ಮಸಾಲೆ, ಗಾಢ ವಾಸನೆ ಇದ್ದರೇ ಈ ವೈನಿಗೆ ಜೀವ ಬರುತ್ತದೆ ಎಂದಳು. ಅಂಕಲ್ ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಸಿ, "ಸ್ವಲ್ಪ ಸಿಹಿ. ಹೆಂಗಸರ ವೈನು" ಎಂದು ತೀರ್ಪು ಕೊಟ್ಟರು. ಮಾತು ಅಲ್ಲಿಗೆ ಸತ್ತಿತು. ಪ್ರಾಜೆಕ್ಟೂ ಸತ್ತಿತು ಎಂಬುದು ನನ್ನ ಗಂಡನ ಮುಖದ ಮೇಲೆ ಬರೆದಿತ್ತು.

ಅಷ್ಟು ಹೊತ್ತಾದರೂ ಅಂಕಲ್‌ರ ಹೆಂಡತಿ ಪದ್ಮಾ ಆಂಟಿ ಮೇಜಿಗೆ ಬಂದಿರಲಿಲ್ಲ. ಅವರ ಕುರ್ಚಿಯೂ ಇರಲಿಲ್ಲ ಎಂಬುದನ್ನು ಆಗ ಗಮನಿಸಿದೆ. ನೀರು ತರುವ ನೆಪದಲ್ಲಿ ಎದ್ದೆ. ಅಡುಗೆಮನೆ ಖಾಲಿ, ಒಲೆಯ ಮೇಲೆ ಅದೇ ಹೂದಾನಿ. ಬಟ್ಟೆ ಒಗೆಯುವ ಕೋಣೆಯ ಹತ್ತಿರ ಬಂದಾಗ ಒಂದು ಎಳೆ ವಾಸನೆ ಸಿಕ್ಕಿತು. ಮೂರು ತಿಂಗಳಿಂದ ಹಸಿದ ಮೂಗು, ತಪ್ಪುವ ಮಾತೇ ಇಲ್ಲ. ಕೋಣೆಯ ಕೊನೆಯ ಬಾಗಿಲು ತೆರೆದೆ.

ಅದು ಗ್ಯಾರೇಜು. ಹುಲ್ಲು ಕತ್ತರಿಸುವ ಯಂತ್ರ, ಪೆಟ್ರೋಲ್ ಡಬ್ಬಿ, ಪೇಂಟಿನ ಡಬ್ಬಗಳು. ಅವುಗಳ ನಡುವೆ ಒಂದು ಹಳೆಯ ಮೇಜಿನ ಮೇಲೆ ಕರೆಂಟಿನ ಒಲೆ. ಅದರ ಮುಂದೆ ಪದ್ಮಾ ಆಂಟಿ, ಸೀರೆಯ ಮೇಲೆ ಗಂಡನ ಹಳೆಯ ಓವರ್‌ಕೋಟು, ತಲೆಗೆ ಮಂಕಿ ಕ್ಯಾಪು. ಹೊಗೆ ಹೋಗಲೆಂದು ಗ್ಯಾರೇಜಿನ ದೊಡ್ಡ ಬಾಗಿಲನ್ನು ಕೆಳಗೆ ಒಂದಡಿ ಎತ್ತಿಟ್ಟಿದ್ದರು. ಅಲ್ಲಿಂದ ಹಿಮದ ಗಾಳಿ ನೇರ ಅವರ ಕಾಲಿಗೆ ಬಡಿಯುತ್ತಿತ್ತು. ಬಾಣಲೆಯಲ್ಲಿ ಎಣ್ಣೆಗಾಯಿ ಕುದಿಯುತ್ತಿತ್ತು.

"ಆಂಟಿ! ಇಲ್ಲೇನ್ ಮಾಡಾಕತ್ತೀರಿ?"

"ಶ್... ಬಾಗ್ಲು ಹಾಕಮ್ಮ, ವಾಸನೆ ಒಳಗೆ ಹೋಗತ್ತೆ. ಅವರಿಗೆ ಆ ಪಾಸ್ತಾಗೀಸ್ತಾ ಸೇರಲ್ಲ. ಗೆಸ್ಟ್ ಹೋದ್ಮೇಲೆ ಬಿಸಿಬಿಸಿ ಊಟ ಆಗ್ಬೇಕು. ಎಣ್ಣೆಗಾಯಿ ಆಯ್ತು, ಸಾರಿಗೆ ಒಗ್ಗರಣೆ ಒಂದು ಬಾಕಿ."

"ದಿನಾ ಇಲ್ಲೇ ಮಾಡ್ತೀರೇನು?"

"ಮನೆ ತಗೊಂಡಾಗಿಂದ ಇಲ್ಲೇ. ಅಭ್ಯಾಸ ಆಗೋಗಿದೆ. ಚಳೀಲಿ ಮಾತ್ರ ಬೆರಳು ಮಡಚಕ್ಕಾಗಲ್ಲ, ಅಷ್ಟೇ."

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. ಒಗ್ಗರಣೆ ಬಂದ್ ಎಂದು ನನ್ನ ಮನೆಯ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡಿಸಿದ ಮನುಷ್ಯ ಒಂದು ದಿನವೂ ಒಗ್ಗರಣೆ ಬಿಟ್ಟಿರಲಿಲ್ಲ! ಅವರ ಮನೆಗೆ ವಾಸನೆ ಇಲ್ಲದ್ದು ಹೆಂಡತಿಯನ್ನು ಹೊರಗೆ ಹಾಕಿದ್ದರಿಂದ. ನಾನು ಬ್ರೆಡ್ಡು ಅಗಿದು ಅಳುತ್ತಿದ್ದಾಗ ಈ ಮಹಾರಾಯ ದಿನವೂ ಇಂಗಿನ ಸಾರು ಸುರಿದುಕೊಂಡು ಉಂಡಿದ್ದಾನೆ, ಪೆಟ್ರೋಲ್ ಡಬ್ಬಿಯ ಪಕ್ಕ ಹೆಪ್ಪುಗಟ್ಟುತ್ತ ನಿಂತವಳ ಕೈಯಿಂದ.

"ಆಂಟಿ, ಇದನ್ನ ಒಳಗ ಒಯ್ಯಲೇನು?"

"ಬೇಡಮ್ಮ. ಬೈತಾರೆ."

ನಾನು ಅಲ್ಲಾಡಲಿಲ್ಲ. ಅವರು ನನ್ನನ್ನು ನೋಡಿದರು, ಬಾಣಲೆಯನ್ನು ನೋಡಿದರು. ಆಮೇಲೆ ಕೈ ಸುಡದಿರಲೆಂದು ಮಸಿಬಟ್ಟೆಯನ್ನು ನನ್ನ ಕಡೆ ಚಾಚಿದರು.

ಎಣ್ಣೆಗಾಯಿಯ ಬಾಣಲೆಯನ್ನೂ ಒಗ್ಗರಣೆಯ ಸಾಮಾನನ್ನೂ ಒಯ್ದು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದೆ. ಹೂದಾನಿಯನ್ನು ಎತ್ತಿ ಸಿಂಕಿಗಿಟ್ಟೆ. ಆರು ಬರ್ನರಿನ ಆ ಒಲೆಯನ್ನು ಹಚ್ಚಿ, ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಎರಡು ಚಿಟಿಕೆ ಇಂಗು ಹಾಕಿದೆ. ಚಟಪಟ ಸದ್ದಾಯಿತು, ಘಾಟು ಎದ್ದಿತು. ಮರುಕ್ಷಣ ಚಾವಣಿಯ ಸ್ಮೋಕ್ ಅಲಾರ್ಮ್ ಕಿವಿ ಹರಿಯುವಂತೆ ಕೂಗತೊಡಗಿತು. ಹತ್ತು ವರ್ಷದಲ್ಲಿ ಅದಕ್ಕೆ ಮೊದಲ ಸಲ ಕೆಲಸ ಸಿಕ್ಕಿರಬೇಕು. ಅಂಕಲ್ ಓಡಿ ಬಂದು ಟವೆಲ್ ಬೀಸುತ್ತ "ಏನಮ್ಮ ಇದು, ಬುದ್ಧಿ ಇದೆಯಾ ನಿಂಗೆ?" ಎಂದು ಅರಚಿದರು. ಅವರ ಹಿಂದೆಯೇ ಕೆಮ್ಮುತ್ತ ಡೆನಿಸ್ ಬಂದಳು.

"ಇದೇ! ಇದೇ ವಾಸನೆ" ಎಂದಳು. ನನ್ನ ಗಂಡನ ಕಡೆ ತಿರುಗಿ, "ಆವತ್ತು ಡಬ್ಬಿಯಲ್ಲಿ ಏನಿದೆ ಅಂತ ಕೇಳಿದೆ, ನೀನು ಕ್ಷಮೆ ಕೇಳಿ ಮುಚ್ಚಿಟ್ಟೆ. ಮರುದಿನದಿಂದ ಬ್ರೆಡ್ಡು. ನಾನೇನೋ ನಿನಗೆ ಅವಮಾನ ಮಾಡಿದೆ ಅಂತ ಇಷ್ಟು ದಿನ ನೊಂದುಕೊಂಡೆ. ನಾನು ಕೇಳಿದ್ದು ಒಂದು ತುತ್ತು ಕೊಡುತ್ತೀಯೇನೋ ಅಂತ" ಎಂದಳು.

ಶಿವಾನಂದ ನೆಲ ನೋಡಿದರು. ಅದೊಂದೇ ಆವತ್ತು ಅವರು ಮಾಡಿದ ಸರಿಯಾದ ಕೆಲಸ.

ಡೆನಿಸ್ ನಿಂತಲ್ಲೇ ಬ್ರೆಡ್ಡಿಗೆ ಎಣ್ಣೆಗಾಯಿ ಹಚ್ಚಿಕೊಂಡು ತಿಂದಳು, ವೈನು ಕುಡಿದಳು, ಕಣ್ಣು ಮುಚ್ಚಿದಳು. ನನಗೂ ಒಂದು ಗ್ಲಾಸು ಕೊಟ್ಟಳು. ಹುಟ್ಟಿ ಅಲ್ಲಿಯವರೆಗೆ ಕುಡಿಯದವಳು ಸಿಟ್ಟಿನಲ್ಲಿ ಒಂದು ಗುಟುಕು ಕುಡಿದೆ. ಅದರಲ್ಲಿ ಒಂದು ಸಣ್ಣ ಸಿಹಿ ಇತ್ತು. ಅದು ಮೆಣಸಿನ ಖಾರದ ಮೇಲೆ ತಣ್ಣಗೆ ಕೂತಿತು. ಹುಣಸೆ, ಬೆಲ್ಲ, ಹುರಿದ ಎಳ್ಳು ಎಲ್ಲವೂ ನಾಲಿಗೆಯ ಮೇಲೆ ಬೇರೆ ಬೇರೆಯಾಗಿ ಎದ್ದುನಿಂತವು. ಪಾಸ್ತಾದ ಮುಂದೆ ಪೌಡರಿನಂತಿದ್ದ ಆ ಗುಲಾಬಿ ವಾಸನೆ ಇಂಗಿನ ಮುಂದೆ ಹದಕ್ಕೆ ಬಂದಿತ್ತು. ಇಂಗಿನ ಮುಂದೆ ಫ್ರಾನ್ಸ್ ಚೆನ್ನಾಗಿಯೇ ನಿಂತಿತ್ತು.

"ಇದನ್ನು ಎಲ್ಲಿ ಬೇಯಿಸಿದ್ದು?" ಎಂದು ಡೆನಿಸ್ ಕೇಳಿದಳು. ನಾನು ಗ್ಯಾರೇಜಿನ ಬಾಗಿಲು ತೋರಿಸಿದೆ. ಅಲ್ಲಿ ಆಂಟಿ ಇನ್ನೂ ಓವರ್‌ಕೋಟಿನಲ್ಲೇ ಹೊಸ್ತಿಲ ಮೇಲೆ ನಿಂತಿದ್ದರು. ಡೆನಿಸ್ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ನಮ್ಮಜ್ಜಿ ಹೊರಗಿಡುತ್ತಿದ್ದದ್ದು ಚೀಸನ್ನು" ಎಂದಳು ಅಂಕಲ್‌ಗೆ. "ಅಡುಗೆ ಮಾಡುವವಳನ್ನಲ್ಲ."

ಅಂಕಲ್ ಅದನ್ನು ಜೋಕೆಂದು ತಿಳಿದು ನಕ್ಕರು. ಡೆನಿಸ್ ನಗದೆ ಒಂದು ಗ್ಲಾಸು ತುಂಬಿ ಆಂಟಿಯ ಕಡೆ ಚಾಚಿದಳು. ಆಂಟಿಯ ಕೈ ಓವರ್‌ಕೋಟಿನ ತೋಳಿನಿಂದ ಅರ್ಧ ಹೊರಗೆ ಬಂದಿತ್ತು, ನಾನು ಕಣ್ಣಾರೆ ಕಂಡೆ. "ನೋ ನೋ, ಶೀ ಡಸಂಟ್ ಡ್ರಿಂಕ್" ಎನ್ನುತ್ತ ಅಂಕಲ್ ನಡುವಿನಿಂದ ಗ್ಲಾಸು ಇಸಿದುಕೊಂಡು ತಾವೇ ಕುಡಿದರು. ಹೆಂಗಸರ ವೈನು, ಪೂರ್ತಿ ಕುಡಿದರು.

ಇವರ ಪ್ರಾಜೆಕ್ಟು ಎಕ್ಸ್‌ಟೆಂಡ್ ಆಯಿತು. ನಾನು ಮರುದಿನವೇ ಕೋಟುಗಳ ಪ್ಲಾಸ್ಟಿಕ್ ಹರಿದುಹಾಕಿ ಒಗ್ಗರಣೆ ಕೊಟ್ಟೆ, ಮೇಣದಬತ್ತಿಯನ್ನು ಕಸಕ್ಕೆಸೆದೆ. ಕೆಲಸ ಉಳಿದದ್ದು ತಮ್ಮ ಊಟದಿಂದ ಎಂದು ಅಂಕಲ್ ಊರೆಲ್ಲ ಹೇಳಿಕೊಂಡು ತಿರುಗಿದರು. ಅದಾದರೂ ಹೋಗಲಿ. ಆ ವರ್ಷದ ಯುಗಾದಿಯ ಕೂಟದಲ್ಲಿ ಮೈಕು ಹಿಡಿದು, "ಅಲ್ಸಾಸಿನ ವೈನು ಮತ್ತು ನಮ್ಮ ಎಣ್ಣೆಗಾಯಿ: ನಾನು ಕಂಡುಕೊಂಡ ಹೊಂದಾಣಿಕೆ" ಎಂದು ಭಾಷಣ ಬಿಗಿದರು! ಜನ ಚಪ್ಪಾಳೆ ತಟ್ಟಿದರು. ಆಂಟಿ ಹಿಂದಿನ ಸಾಲಿನಲ್ಲಿ ಎಲೆಗಳಿಗೆ ಹೋಳಿಗೆ ಬಡಿಸುತ್ತಿದ್ದರು, ಗ್ಯಾರೇಜಿನಲ್ಲಿ ಬೇಯಿಸಿ ತಂದ ಹೋಳಿಗೆ. ಇದೇ ಭಾಷಣವನ್ನು ಆಮೇಲಿನ ವರ್ಷಗಳಲ್ಲಿ ನಾನು ಎಷ್ಟು ಕೂಟಗಳಲ್ಲಿ ಕೇಳಿದೆನೋ. ಪ್ರತಿ ಸಲವೂ ಹಲ್ಲು ಕಚ್ಚಿ ಕೇಳಿದೆ. ನನ್ನ ಗಂಡನಂತೂ ಈಗ ಪಾರ್ಟಿಗಳಲ್ಲಿ "ನಾವು ಅವತ್ತು ಸ್ಮೋಕ್ ಅಲಾರ್ಮ್ ಹೊಡಿಸಿದ್ವಿ ನೋಡ್ರಿ" ಎಂದು ಕತೆ ಹೇಳುತ್ತಾರೆ. ನಾವಂತೆ!

ಅಂಕಲ್ ತೀರಿಹೋಗಿ ಎರಡು ವರ್ಷವಾಯಿತು. ಆಂಟಿ ಆ ಮನೆ ಮಾರುತ್ತಿದ್ದಾರೆ. ಕಳೆದ ತಿಂಗಳು ನಾನು ಡ್ರೈವ್‌ವೇಯಲ್ಲಿ ನಿಂತಾಗ ಗ್ಯಾರೇಜಿನ ಬಾಗಿಲು ಒಂದಡಿ ಮೇಲೆದ್ದಿತ್ತು. ಬಗ್ಗಿ ನೋಡಿದರೆ ಅದೇ ಮೇಜು, ಅದೇ ಓವರ್‌ಕೋಟು, ಒಳಗೆ ಇನ್ನಷ್ಟು ಕುಗ್ಗಿದ ಆಂಟಿ.

"ಇನ್ನೂ ಇಲ್ಲೇ ಯಾಕ್ರೀ ಆಂಟಿ? ಈಗ ಯಾರದಾರ ಬೈಯಾಕ?"

"ಏಜೆಂಟ್ ಹೇಳಿದಾನೆ ಕಣಮ್ಮ. ಮನೆ ನೋಡೋಕೆ ಜನ ಬರ್ತಾರೆ, ವಾಸನೆ ಇರ್ಬಾರ್ದು ಅಂತ."

ನಾನು ಬಾಣಲೆ ಎತ್ತಿಕೊಂಡು ಒಳಗೆ ನಡೆದೆ. ಈ ಸಲ ಅವರು ಬೇಡ ಎನ್ನಲಿಲ್ಲ, ಒಗ್ಗರಣೆಯ ಸಾಮಾನು ಹಿಡಿದು ಹಿಂದೆಯೇ ಬಂದರು. ಊಟದ ಮೇಜಿಗೆ ಎರಡು ಕುರ್ಚಿ ಎಳೆದು, ಉದ್ದ ಕತ್ತಿನ ಬಾಟಲಿ ತೆರೆದು, ಸ್ಟೀಲಿನ ಲೋಟಗಳಿಗೆ ಸುರಿದೆ. ಆಂಟಿ ಎಣ್ಣೆಗಾಯಿ ಒಂದು ತುತ್ತು ತಿಂದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು.

"ಅವತ್ತು ಅವ್ರೆಲ್ಲ ಕುಡಿದಿದ್ದು ಇದೇನಾ?"

"ಇದೇ ಆಂಟಿ."

"ಅವರು ಮೈಕಲ್ಲಿ ಹೇಳ್ತಿದ್ದಿದ್ದೂ ಇದೇನಾ? ಇದು ನನ್ನ ಅಡುಗೆಗೆ ಹೊಂದತ್ತೆ ಅಂತ?"

"ಹೂಂ."

ಇನ್ನೊಂದು ತುತ್ತು, ಇನ್ನೊಂದು ಗುಟುಕು. "ನಿಜವಾಗ್ಲೂ ಹೊಂದತ್ತೆ" ಎಂದರು. ಆಮೇಲೆ ಅವರ ತುಟಿ ಅದುರಿತು. ಅದು ಅಳುವಲ್ಲ. ಆ ಮುಖವನ್ನು ನಾನು ಕನ್ನಡಿಯಲ್ಲಿ ಬಲ್ಲೆ. "ಊರಿಗೆಲ್ಲ ಹೇಳಿದ್ರು, ಗಿರಿಜಾ. ನನಗೆ ಒಂದಿನ ಹೇಳಲಿಲ್ಲ."

ಎದ್ದು ಓವರ್‌ಕೋಟು ಬಿಚ್ಚಿ ಕುರ್ಚಿಯ ಮೇಲೆಸೆದರು. ಸೀದಾ ಒಲೆಯ ಹತ್ತಿರ ಹೋಗಿ ಹೂದಾನಿಯನ್ನು ಪಕ್ಕಕ್ಕೆ ತಳ್ಳಿ, ಉರಿ ಹಚ್ಚಿ, ಸೌಟಿನಲ್ಲಿ ಎಣ್ಣೆ ಇಟ್ಟರು. ಒಗ್ಗರಣೆ ಹಾಕಲು ಸಾರೂ ಇರಲಿಲ್ಲ, ಏನೂ ಇರಲಿಲ್ಲ. ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಕಪ್ಪಾಯಿತು, ಘಾಟು ಮೇಲೇರಿ ಸ್ಮೋಕ್ ಅಲಾರ್ಮ್ ಕೂಗತೊಡಗಿತು. ನಾನು ಕೆಮ್ಮುತ್ತ ಎದ್ದು, ಅದನ್ನು ಆರಿಸಲು ಕುರ್ಚಿ ಎಳೆದೆ.

"ಕೂತ್ಕೋ" ಎಂದರು ಆಂಟಿ, ಇಂಗಿನ ಡಬ್ಬಿ ತೆರೆಯುತ್ತ. "ಕೂಗ್ಲಿ ಬಿಡು."